ಕಫ್ ಚಿಕ್ಕದು, ಬಿಪಿ ದೊಡ್ಡದು!

(ದೃಶ್ಯ: ದಪ್ಪ ತೋಳು, ಬಿಗಿಯಾಗಿ ಸುತ್ತಿದ ಬಿಪಿ ಕಫ್)

ಮೇಲಿನ ಬಿಪಿ 150! ರೋಗಿಗೆ ಗಾಬರಿ. ನರ್ಸಿಂಗ್ ವಿದ್ಯಾರ್ಥಿನಿ ಚಾರ್ಟಿನಲ್ಲಿ ಬರೆದೂ ಆಯ್ತು. ಆದರೆ ತಪ್ಪಿರೋದು ಕಫ್‌ನಲ್ಲಿ. ತೋಳಿಗೆ ಸಾಲದ ಚಿಕ್ಕ ಕಫ್ ಕಟ್ಟಿದ್ರೆ, ಬಿಪಿ ಇರೋದಕ್ಕಿಂತ ಜಾಸ್ತಿ ತೋರಿಸುತ್ತೆ.

ಇದು ಪುಸ್ತಕದಲ್ಲಿದೆ. ಪರೀಕ್ಷೆಯಲ್ಲಿ ಅವಳು ಬರೆದೂ ಇದ್ದಾಳೆ. ಕೈಗೆ ಬಂದಿಲ್ಲ, ಅಷ್ಟೆ.

ಬಿಎಸ್ಸಿ ನರ್ಸಿಂಗ್ ಅಂದ್ರೆ 4 ವರ್ಷ, 8 ಸೆಮಿಸ್ಟರ್. ದೊಡ್ಡ ಪಾಲು ವಾರ್ಡಿನಲ್ಲೇ ಕಳೆಯುತ್ತೆ. ಆದ್ರೆ ವಾರ್ಡಿನಲ್ಲಿ ನಿಂತ ಮಾತ್ರಕ್ಕೆ ಕೆಲಸ ಬರಲ್ಲ. ಮತ್ತೇನು ಬೇಕು?

ಒಂದು: ಮೊದಲು ಲ್ಯಾಬಿನ ಗೊಂಬೆ ಮೇಲೆ ಕೈ ಪಳಗಲಿ. ಸೂಜಿ ತಪ್ಪಿದ್ರೂ ಗೊಂಬೆಗೆ ನೋವಾಗಲ್ಲ.

ಎರಡು: "ಹೋಗಿ ಎಲ್ರ ಬಿಪಿ ನೋಡ್ಕೊಂಡು ಬಾಮ್ಮ" ಅನ್ನೋ ಬದಲು, ಒಬ್ಬ ರೋಗಿಯ ಪೂರ್ತಿ ಆರೈಕೆ ವಹಿಸಿ. ಪಕ್ಕದಲ್ಲಿ ಅನುಭವಿ ಸಿಸ್ಟರ್ ಇರಲಿ.

ಮೂರು: ಡ್ಯೂಟಿ ಮುಗಿದ ಮೇಲೆ 10 ನಿಮಿಷ ಕೂತು ಮಾತಾಡಿ. ಏನು ನೋಡಿದೆ? ಯಾಕೆ ಹಾಗೆ ಮಾಡಿದೆ? ನಾಳೆ ಏನು ಬದಲಿಸ್ತೀಯ? ಬೈಗುಳ ಮಾತ್ರ ಬೇಡ. ಬೈಸಿಕೊಂಡವರು ಮುಂದಿನ ತಪ್ಪು ಮುಚ್ಚಿಡ್ತಾರೆ, ಅಪಾಯ ರೋಗಿಗೆ.

(ದೃಶ್ಯ: ಅದೇ ತೋಳು, ಸರಿಯಾದ ಕಫ್)

ಈಗ ನೋಡಿ: 138. ಓದಿದ್ದು ಕೈಗೆ ಬಂತು!