ನಲವತ್ತೆಂಟು ಗಂಟೆಗಳ ನಿಯಮ ಮತ್ತು ಆಟಗಾರ

ಗುಂಡ್ಲುಪೇಟೆಯ ಸರ್ಕಾರಿ ಶಾಲೆಯ ಶಿಕ್ಷಕರಾಗಲಿ, ಚಾಮರಾಜನಗರದ ಜಿಲ್ಲಾಧಿಕಾರಿ ಕಚೇರಿಯ ಗುಮಾಸ್ತರಾಗಲಿ ಕ್ರಿಮಿನಲ್ ಪ್ರಕರಣವೊಂದರಲ್ಲಿ ಬಂಧಿತರಾಗಿ 48 ಗಂಟೆಗಳಿಗೂ ಹೆಚ್ಚು ಕಾಲ ವಶದಲ್ಲಿ ಉಳಿದರೆ, ಕರ್ನಾಟಕ ಸಿವಿಲ್ ಸೇವಾ ನಿಯಮಗಳ ಪ್ರಕಾರ ಅವರು ಅಮಾನತುಗೊಂಡರೆಂದೇ ಲೆಕ್ಕ. ಅಮಾನತು ಶಿಕ್ಷೆಯಲ್ಲ, ಆರೋಪದ ಸತ್ಯಾಸತ್ಯತೆ ತಿಳಿಯುವವರೆಗೆ ನೌಕರನನ್ನು ಕರ್ತವ್ಯದಿಂದ ದೂರವಿರಿಸಿ, ಸಂಬಳದ ಒಂದು ಭಾಗವನ್ನು ಜೀವನಾಧಾರ ಭತ್ಯೆಯೆಂದು ಕೊಡುತ್ತಾ ಹೋಗುವ ವ್ಯವಸ್ಥೆ ಅದು. ಬಂಧಿತನು ಜನಪ್ರಿಯನೇ ಅಲ್ಲವೇ ಎಂಬುದನ್ನು ಆ ನಿಯಮ ಕೇಳುವುದಿಲ್ಲ.

ವೃತ್ತಿಪರ ಆಟಗಾರ, ಎಂದರೆ ಆಟವನ್ನೇ ಜೀವನೋಪಾಯ ಮಾಡಿಕೊಂಡು ಕ್ರೀಡಾ ಮಂಡಳಿಯೊಂದಿಗೋ ತಂಡದ ಒಡೆತನ ಹೊಂದಿದ ಫ್ರಾಂಚೈಸಿ ಎಂಬ ಖಾಸಗಿ ಸಂಸ್ಥೆಯೊಂದಿಗೋ ಒಪ್ಪಂದ ಮಾಡಿಕೊಂಡವನು, ಇಂಥ ನಿಯಮಕ್ಕೆ ಒಳಪಡುವುದಿಲ್ಲ. ಭಾರತೀಯ ನ್ಯಾಯ ಸಂಹಿತೆ ಅವನಿಗೂ ಅದೇ, ಗುಮಾಸ್ತನಿಗೂ ಅದೇ. ಆದರೆ ಎಫ್‌ಐಆರ್ ದಾಖಲಾದ ದಿನದಿಂದ ತೀರ್ಪು ಹೊರಬೀಳುವ ದಿನದವರೆಗೆ ಅವನು ಆಡಬಹುದೇ ಎಂಬುದು ಬಹುಮಟ್ಟಿಗೆ ಮಂಡಳಿಯ ಅಥವಾ ಮಾಲೀಕರ ವಿವೇಚನೆಗೆ ಬಿಟ್ಟ ಸಂಗತಿ. ಒಲಿಂಪಿಕ್ ಪದಕ ವಿಜೇತ ಕುಸ್ತಿಪಟು ಸುಶೀಲ್ ಕುಮಾರ್ ಅವರನ್ನು 2021ರ ಮೇ ತಿಂಗಳಲ್ಲಿ ಕೊಲೆ ಆರೋಪದ ಮೇಲೆ ದೆಹಲಿ ಪೊಲೀಸರು ಬಂಧಿಸಿದಾಗ ಉತ್ತರ ರೈಲ್ವೆ ಕೆಲವೇ ದಿನಗಳಲ್ಲಿ ಅಮಾನತು ಆದೇಶ ಹೊರಡಿಸಿತು. ಅವರು ಕುಸ್ತಿಪಟುವೆಂದಲ್ಲ, ರೈಲ್ವೆಯ ಅಧಿಕಾರಿಯೆಂದು.

ತೀರ್ಪಿನವರೆಗೆ ಕಾಯೋಣ ಎನ್ನುವ ಮಾತು ತತ್ತ್ವತಃ ಸರಿಯಾದರೂ ಆಟಗಾರನ ವೃತ್ತಿಜೀವನ ಹತ್ತು-ಹದಿನೈದು ವರ್ಷಗಳದ್ದು, ಮೊಕದ್ದಮೆಯ ಆಯುಸ್ಸು ಅದಕ್ಕಿಂತ ದೀರ್ಘ. 1988ರ ಡಿಸೆಂಬರ್‌ನಲ್ಲಿ ಪಟಿಯಾಲದ ರಸ್ತೆಯಲ್ಲಿ ನಡೆದ ಜಗಳದಲ್ಲಿ ವೃದ್ಧರೊಬ್ಬರು ಸತ್ತ ಪ್ರಕರಣದ ಆರೋಪಿ, ಕ್ರಿಕೆಟಿಗ ನವಜೋತ್ ಸಿಂಗ್ ಸಿಧು 1999ರವರೆಗೂ ಭಾರತದ ಪರ ಆಡಿದರು. ಸುಪ್ರೀಂ ಕೋರ್ಟ್ 2018ರಲ್ಲಿ ಸಾವಿರ ರೂಪಾಯಿ ದಂಡದೊಂದಿಗೆ ಮುಗಿಸಿದ್ದ ಶಿಕ್ಷೆಯನ್ನು ಮರುಪರಿಶೀಲಿಸಿ ಒಂದು ವರ್ಷದ ಸೆರೆವಾಸಕ್ಕೆ ಏರಿಸಿದ್ದು 2022ರ ಮೇ ತಿಂಗಳಲ್ಲಿ. ಬಂಡೀಪುರದ ಅಂಚಿನ ಊರುಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಬಿಗಿ ಏನೆಂಬುದು ಚೆನ್ನಾಗಿ ಗೊತ್ತು. ಅದೇ ಕಾಯ್ದೆಯಡಿ 2005ರಲ್ಲಿ ಹರಿಯಾಣದ ಝಜ್ಜರ್‌ನಲ್ಲಿ ಕೃಷ್ಣಮೃಗದ ಬೇಟೆಯ ಆರೋಪ ಹೊತ್ತ ಭಾರತ ಕ್ರಿಕೆಟ್ ತಂಡದ ಮಾಜಿ ನಾಯಕ ಮನ್ಸೂರ್ ಅಲಿ ಖಾನ್ ಪಟೌಡಿ 2011ರಲ್ಲಿ ತೀರಿಕೊಂಡಾಗ ಪ್ರಕರಣವಿನ್ನೂ ಇತ್ಯರ್ಥವಾಗಿರಲಿಲ್ಲ.

ಈ ಸೀಮೆಗೆ ಹತ್ತಿರದ ಪ್ರಕರಣವೊಂದು ಸಮಸ್ಯೆಯ ಇನ್ನೊಂದು ಮಗ್ಗುಲನ್ನು ತೋರಿಸುತ್ತದೆ. 2019ರ ಆಗಸ್ಟ್‌ನಲ್ಲಿ ಮೈಸೂರಿನಲ್ಲಿ ನಡೆದ ಕರ್ನಾಟಕ ಪ್ರೀಮಿಯರ್ ಲೀಗ್‌ನ ಫೈನಲ್‌ನಲ್ಲಿ ಹಣ ಪಡೆದು ನಿಧಾನವಾಗಿ ಬ್ಯಾಟಿಂಗ್ ಮಾಡಿದರೆಂಬ ಆರೋಪದ ಮೇಲೆ ಬೆಂಗಳೂರಿನ ಕೇಂದ್ರ ಅಪರಾಧ ವಿಭಾಗದ ಪೊಲೀಸರು ನವೆಂಬರ್‌ನಲ್ಲಿ ಬಳ್ಳಾರಿ ಟಸ್ಕರ್ಸ್ ತಂಡದ ಸಿ.ಎಂ. ಗೌತಮ್ ಮತ್ತು ಅಬ್ರಾರ್ ಕಾಜಿ ಅವರನ್ನು ಬಂಧಿಸಿದರು. 2022ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್ ಇವರ ಮೇಲಿನ ಮೊಕದ್ದಮೆಯನ್ನು ರದ್ದುಪಡಿಸುತ್ತಾ, ಮ್ಯಾಚ್ ಫಿಕ್ಸಿಂಗ್ ಅಪ್ರಾಮಾಣಿಕತೆಯೂ ಅಶಿಸ್ತೂ ಆಗಿರಬಹುದಾದರೂ ಭಾರತೀಯ ದಂಡಸಂಹಿತೆಯ 420ನೇ ಕಲಮು ಹೇಳುವ ವಂಚನೆ ಆಗುವುದಿಲ್ಲ, ಶಿಸ್ತುಕ್ರಮ ಕೈಗೊಳ್ಳುವ ಅಧಿಕಾರ ಕ್ರಿಕೆಟ್ ಮಂಡಳಿಗಿದೆ ಎಂದಿತು. ಅಂಗಳದೊಳಗಿನ ತಪ್ಪನ್ನು ನ್ಯಾಯಾಲಯ ಹೀಗೆ ಮಂಡಳಿಗೆ ಒಪ್ಪಿಸಿದರೆ, ಅಂಗಳದಾಚೆಯ ಅಪರಾಧ ಬಂದಾಗ ಮಂಡಳಿ ನ್ಯಾಯಾಲಯದತ್ತ ಬೊಟ್ಟು ಮಾಡುತ್ತದೆ. ಎರಡರ ನಡುವಿನ ಅವಧಿಗೆ ವಾರಸುದಾರರಿಲ್ಲ.

ಮಂಡಳಿಗೆ ಅಧಿಕಾರವಿಲ್ಲವೆಂಬ ನೆಪ ನಿಲ್ಲುವಂಥದ್ದಲ್ಲ. 2019ರ ಜನವರಿಯಲ್ಲಿ ಟಿ.ವಿ. ಕಾರ್ಯಕ್ರಮವೊಂದರಲ್ಲಿ ಮಹಿಳೆಯರ ಬಗ್ಗೆ ಆಡಿದ ಮಾತುಗಳ ವಿವಾದದಲ್ಲಿ ಹಾರ್ದಿಕ್ ಪಾಂಡ್ಯ ಮತ್ತು ಕರ್ನಾಟಕದ ಕೆ.ಎಲ್. ರಾಹುಲ್ ಅವರನ್ನು ಕೆಲವೇ ದಿನಗಳಲ್ಲಿ ಅಮಾನತುಗೊಳಿಸಿ ಆಸ್ಟ್ರೇಲಿಯಾದಿಂದ ಹಿಂದಕ್ಕೆ ಕರೆಸಲಾಯಿತು. ಮಂಡಳಿಯ ಓಂಬುಡ್ಸ್‌ಮನ್, ಅಂದರೆ ದೂರುಗಳನ್ನು ವಿಚಾರಿಸುವ ಸ್ವತಂತ್ರ ಅಧಿಕಾರಿಯಾಗಿದ್ದ ನಿವೃತ್ತ ನ್ಯಾಯಮೂರ್ತಿ ಡಿ.ಕೆ. ಜೈನ್, ಇಬ್ಬರಿಗೂ ತಲಾ 20 ಲಕ್ಷ ರೂಪಾಯಿ ದಂಡ ವಿಧಿಸಿದರು. ಅಪರಾಧವೇ ಅಲ್ಲದ ಮಾತಿಗೆ ಇಷ್ಟು ಚುರುಕು ಸಾಧ್ಯವಿದ್ದಾಗ, ಗಂಭೀರ ಆರೋಪದ ಬಂಧನಕ್ಕೆ ಮುಂಚಿತವಾಗಿಯೇ ಬರೆದಿಟ್ಟ ಕ್ರಮವೊಂದು ಇರಬೇಡವೇ? 2012ರ ಮೇ ತಿಂಗಳಲ್ಲಿ ಮಹಿಳೆಯೊಬ್ಬರು ನೀಡಿದ ದೂರಿನ ಮೇಲೆ ದೆಹಲಿಯಲ್ಲಿ ಬಂಧಿತರಾದ ಕ್ರಿಕೆಟಿಗ ಲ್ಯೂಕ್ ಪೊಮರ್ಸ್‌ಬ್ಯಾಕ್ ಅವರನ್ನು ಬೆಂಗಳೂರಿನ ರಾಯಲ್ ಚಾಲೆಂಜರ್ಸ್ ತಂಡ ಅಮಾನತಿನಲ್ಲಿಟ್ಟಿತಾದರೂ ಅದು ತಂಡದ ಆ ಹೊತ್ತಿನ ತೀರ್ಮಾನವಾಗಿತ್ತು; ಪ್ರಕರಣ ರಾಜಿಯಲ್ಲಿ ಮುಗಿಯಿತು.

ಆಸ್ಟ್ರೇಲಿಯಾದ ರಾಷ್ಟ್ರೀಯ ರಗ್ಬಿ ಲೀಗ್ 2019ರಲ್ಲಿ ರೂಪಿಸಿದ ನಿಯಮ ಇಲ್ಲಿ ಗಮನಾರ್ಹ. ಗರಿಷ್ಠ 11 ವರ್ಷ ಅಥವಾ ಅದಕ್ಕೂ ಹೆಚ್ಚಿನ ಸೆರೆವಾಸ ವಿಧಿಸಬಹುದಾದ ಅಪರಾಧದ ಆರೋಪ ದಾಖಲಾದೊಡನೆ ಆಟಗಾರ ಪಂದ್ಯಗಳಿಂದ ಹೊರಗುಳಿಯಬೇಕು. ಪೂರ್ಣ ಸಂಬಳ ದೊರೆಯುತ್ತದೆ, ತರಬೇತಿಗೆ ಅಡ್ಡಿಯಿಲ್ಲ, ತಪ್ಪಿತಸ್ಥನೆಂಬ ಭಾವನೆಯೂ ಇಲ್ಲ. ಆಟಗಾರನೊಬ್ಬ ಇದನ್ನು ಪ್ರಶ್ನಿಸಿದಾಗ ಅಲ್ಲಿನ ಫೆಡರಲ್ ನ್ಯಾಯಾಲಯ ನಿಯಮವನ್ನೇ ಎತ್ತಿಹಿಡಿಯಿತು. ಸುಳ್ಳು ದೂರಿನಿಂದ ನಿರಪರಾಧಿಯ ಅಮೂಲ್ಯ ಋತುಗಳು ಹಾಳಾಗುತ್ತವೆಂಬ ಆಕ್ಷೇಪ ಹಗುರವಾದುದಲ್ಲ. ಮೈಸೂರಿನ ಫೈನಲ್‌ನ ಆಟಗಾರರು ಮೊಕದ್ದಮೆ ರದ್ದಾಗಲು ಎರಡು ವರ್ಷಕ್ಕೂ ಹೆಚ್ಚು ಕಾಲ ಕಾದರು. ಆದ್ದರಿಂದಲೇ ಪೂರ್ಣ ಸಂಬಳದ ಷರತ್ತೂ ಕಾಲಮಿತಿಯ ಪರಿಶೀಲನೆಯೂ ನಿಯಮದೊಳಗೇ ಇರಬೇಕಾಗುತ್ತದೆ.

ಕರ್ನಾಟಕ ಪ್ರೀಮಿಯರ್ ಲೀಗ್ ಆ ಹಗರಣದ ಬಳಿಕ ಮತ್ತೆ ನಡೆಯಲಿಲ್ಲ. 2022ರಿಂದ ಅದರ ಸ್ಥಾನದಲ್ಲಿ ಮಹಾರಾಜ ಟ್ರೋಫಿ ಇದೆ. ಅದರ ಆಟಗಾರರ ಒಪ್ಪಂದದಲ್ಲಿ ಇಂಥ ನಿಯಮವನ್ನು ಸೇರಿಸಿ ಸಾರ್ವಜನಿಕವಾಗಿ ಪ್ರಕಟಿಸಲು ಸಂಸತ್ತಿನ ಕಾಯ್ದೆ ಬೇಕಿಲ್ಲ. ರಾಜ್ಯ ಕ್ರಿಕೆಟ್ ಸಂಸ್ಥೆಯ ಆಡಳಿತ ಸಮಿತಿಯ ನಿರ್ಣಯವೊಂದು ಸಾಕು.