ಸೋತ ಹೃದಯಕ್ಕೆ ಯಂತ್ರದ ಆಸರೆ

ಹುಟ್ಟಿಗೆ ಮೊದಲೇ ಆರಂಭವಾಗಿ ಸಾವಿನವರೆಗೂ ಬಿಡುವಿಲ್ಲದೆ ದುಡಿಯುವ ಅವಯವವೆಂದರೆ ಹೃದಯ. ವಿಶ್ರಾಂತಿಯಲ್ಲಿರುವ ವಯಸ್ಕನ ಹೃದಯವು ನಿಮಿಷಕ್ಕೆ ಸುಮಾರು 70 ಸಲ ಮಿಡಿದು, ಸುಮಾರು 5 ಲೀಟರು ರಕ್ತವನ್ನು ಹೊರನೂಕುತ್ತದೆ. ದಿನವೊಂದಕ್ಕೆ ಇದು ಸುಮಾರು 7,000 ಲೀಟರು. ದೇಹಕ್ಕೆಲ್ಲ ರಕ್ತವನ್ನು ಹಂಚುವ ಹೊಣೆ ಎಡ ಹೃತ್ಕುಕ್ಷಿಯದು. ಹೃದಯಾಘಾತದಿಂದಲೋ ಇತರ ರೋಗದಿಂದಲೋ ಅದರ ಸ್ನಾಯು ದುರ್ಬಲವಾದರೆ ರಕ್ತಪರಿಚಲನೆ ಕುಗ್ಗುತ್ತದೆ, ಶ್ವಾಸಕೋಶಗಳಲ್ಲಿ ನೀರು ಸೇರಿ ಉಸಿರಾಟ ಕಷ್ಟವಾಗುತ್ತದೆ, ಕಾಲುಗಳು ಊದಿಕೊಳ್ಳುತ್ತವೆ. ಔಷಧಗಳಿಂದ ಫಲ ದೊರೆಯದಾಗ ಯಂತ್ರವು ನೆರವಾಗಬಲ್ಲುದೇ?

ಈ ಪ್ರಶ್ನೆಗೆ ಮೊದಲ ಉತ್ತರ ದೊರೆತುದು ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ. 1953ರ ಮೇ 6ರಂದು ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಡಾ. ಜಾನ್ ಗಿಬ್ಬನ್ ಅವರು 18 ವರ್ಷದ ತರುಣಿಯೊಬ್ಬಳ ಹೃದಯದೊಳಗಿನ ರಂಧ್ರವನ್ನು ಮುಚ್ಚಿದರು. ಆಗ 26 ನಿಮಿಷಗಳ ಕಾಲ ಆಕೆಯ ಹೃದಯ ಮತ್ತು ಶ್ವಾಸಕೋಶಗಳ ಕೆಲಸವನ್ನು ಯಂತ್ರವೇ ನಿರ್ವಹಿಸಿತು. 1966ರಲ್ಲಿ ಹ್ಯೂಸ್ಟನ್ ನಗರದ ಡಾ. ಮೈಕೆಲ್ ಡಿಬೇಕಿ ಅವರು, ಶಸ್ತ್ರಚಿಕಿತ್ಸೆಯ ನಂತರ ಹೃದಯ ಸೋತ ಮಹಿಳೆಯೊಬ್ಬಳಿಗೆ ಪಂಪೊಂದನ್ನು ಜೋಡಿಸಿದರು. ಅದು ಹೃದಯದ ಸ್ಥಾನವನ್ನು ಕಸಿದುಕೊಳ್ಳಲಿಲ್ಲ. ಅದರ ಭಾರವನ್ನು ಹಂಚಿಕೊಂಡಿತು. ಹತ್ತು ದಿನಗಳ ಆಸರೆಯಿಂದ ಹೃದಯ ಚೇತರಿಸಿಕೊಂಡಿತು, ಪಂಪನ್ನು ತೆಗೆಯಲಾಯಿತು.

ಹೃದಯವನ್ನೇ ತೆಗೆದು ಯಂತ್ರವನ್ನಿಡುವ ಪ್ರಯತ್ನವೂ ನಡೆಯಿತು. 1982ರ ಡಿಸೆಂಬರ್ 2ರಂದು ಸಾಲ್ಟ್ ಲೇಕ್ ಸಿಟಿಯಲ್ಲಿ ದಂತವೈದ್ಯ ಬಾರ್ನಿ ಕ್ಲಾರ್ಕ್ ಅವರಿಗೆ ಕೃತಕ ಹೃದಯವನ್ನು ಅಳವಡಿಸಲಾಯಿತು. ಅವರು 112 ದಿನ ಬದುಕಿದರು. ಆದರೆ ಆ ದಿನಗಳನ್ನು ಗಾಳಿಯೊತ್ತುವ ಭಾರೀ ಯಂತ್ರಕ್ಕೆ ಕೊಳವೆಗಳಿಂದ ಬಂಧಿತರಾಗಿಯೇ ಕಳೆಯಬೇಕಾಯಿತು.

ಹೃದಯವನ್ನು ಉಳಿಸಿಕೊಂಡೇ ಅದಕ್ಕೆ ನೆರವಾಗುವ ಮಾರ್ಗವು ಹೆಚ್ಚು ಫಲಪ್ರದವೆನಿಸಿತು. ಹೃದಯ ಬದಲಾವಣೆಗೆ ಅರ್ಹರಲ್ಲದ 129 ರೋಗಿಗಳನ್ನು ಕುರಿತು 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪಂಪು ಪಡೆದವರಲ್ಲಿ ಒಂದು ವರ್ಷ ಬದುಕುಳಿದವರು ಶೇಕಡಾ 52. ಔಷಧಗಳನ್ನಷ್ಟೇ ಪಡೆದವರಲ್ಲಿ ಶೇಕಡಾ 25. ಆದರೆ ಆ ಪಂಪು ಹೃದಯದಂತೆಯೇ ತುಂಬಿ, ಒತ್ತಿ, ಮಿಡಿಯುತ್ತಿದ್ದುದರಿಂದ ಅದರ ಭಾಗಗಳು ಬೇಗ ಸವೆಯುತ್ತಿದ್ದವು.

ರಕ್ತಕ್ಕೆ ಮಿಡಿತವು ಅನಿವಾರ್ಯವೇ, ಹರಿವು ಸಾಲದೇ ಎಂಬ ವಿಚಾರವು ಇಲ್ಲಿ ಮಹತ್ತ್ವ ಪಡೆಯಿತು. ಬಾವಿಯಿಂದ ನೀರೆತ್ತುವ ವಿದ್ಯುತ್ ಪಂಪಿನೊಳಗೆ ಚಕ್ರವೊಂದು ತಿರುಗುತ್ತ ನೀರನ್ನು ಎಡೆಬಿಡದೆ ನೂಕುತ್ತದಷ್ಟೆ. ಹೊಸ ಪಂಪುಗಳಲ್ಲಿಯೂ ಪುಟ್ಟ ಚಕ್ರವೊಂದು ನಿಮಿಷಕ್ಕೆ ಸಾವಿರಾರು ಸಲ ತಿರುಗಿ, ಎಡ ಹೃತ್ಕುಕ್ಷಿಯ ರಕ್ತವನ್ನು ಮಹಾಪಧಮನಿಗೆ ಸತತವಾಗಿ ಹರಿಸುತ್ತದೆ. 2017ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಪಂಪಿನಲ್ಲಿ ಈ ಚಕ್ರವು ಅಯಸ್ಕಾಂತದ ಬಲದಿಂದ ಯಾವುದನ್ನೂ ಸೋಕದೆ ತೇಲುತ್ತ ತಿರುಗುವುದರಿಂದ ಸವೆತಕ್ಕೆ ಆಸ್ಪದವಿಲ್ಲ. ಇಂತಹ ಪಂಪು ಹೊಂದಿದವರ ಮಣಿಕಟ್ಟಿನಲ್ಲಿ ಅನೇಕ ವೇಳೆ ನಾಡಿಯೇ ಸಿಗುವುದಿಲ್ಲ. ಆದರೂ ಅವರು ನಡೆದಾಡುತ್ತಾರೆ, ಮನೆಗೆಲಸ ಮಾಡುತ್ತಾರೆ. ನಾಡಿ ನಿಂತರೆ ಜೀವ ನಿಂತಿತೆಂಬ ಪುರಾತನ ತಿಳಿವಳಿಕೆಗೆ ಇದು ವಿಸ್ಮಯಕರವಾದ ಅಪವಾದ.

ಈ ಆಸರೆಗೂ ಮಿತಿಗಳುಂಟು. ಪಂಪಿನ ತಂತಿಯು ಹೊಟ್ಟೆಯ ಚರ್ಮದ ಮೂಲಕ ಹೊರಬಂದು ಬ್ಯಾಟರಿಗಳನ್ನು ಸೇರುತ್ತದೆ. ಅಲ್ಲಿ ಸೋಂಕು ತಗಲಬಹುದು. ರಕ್ತ ಹೆಪ್ಪುಗಟ್ಟದಂತೆ ಔಷಧ ಸೇವಿಸಿದರೆ ರಕ್ತಸ್ರಾವದ ಭಯ, ಸೇವಿಸದಿದ್ದರೆ ಹೆಪ್ಪಿನ ಭಯ. ವೆಚ್ಚವಂತೂ ಅಪಾರ. ಬ್ಯಾಟರಿ ಬದಲಾಯಿಸುವುದನ್ನು ಮನೆಯವರೂ ಕಲಿತಿರಬೇಕು.

ಕೆಲವರಿಗೆ ಈ ಪಂಪು ಜೀವನಪರ್ಯಂತದ ಸಂಗಾತಿ. ಹಲವರಿಗೆ ದಾನದ ಹೃದಯ ದೊರೆಯುವವರೆಗಿನ ಸೇತುವೆ. ಸೇತುವೆಯನ್ನು ಕಟ್ಟುವುದು ವಿಜ್ಞಾನಕ್ಕೆ ಸಾಧ್ಯವಾಗಿದೆ. ಆಚೆಯ ದಡದಲ್ಲಿ ಹೃದಯವನ್ನು ನೀಡಬೇಕಾದವರು ಮಾತ್ರ ಮನುಷ್ಯರೇ.