ಮನೆಯಲ್ಲಿ ಕಷ್ಟವುಳ್ಳ ಬಾಲಿಕೆಯರೂ ಶಾಲೆಯೂ

ಸಾಲಗುಂದ ಮೊದಲಾದ ಗ್ರಾಮಗಳಿಂದ ಬರುವ ಬಾಲಿಕೆಯರ ಸ್ಥಿತಿಗತಿಯು ನಮ್ಮ ಪೂರ್ವ ವಿದ್ಯಾರ್ಥಿನಿಯರಿಗೆ ತಿಳಿಯದ ವಿಷಯವಲ್ಲ. ತುಂಗಭದ್ರೆಯ ಎಡದಂಡೆಯ ಕಾಲುವೆಯು ಸಿಂಧನೂರು ಸೀಮೆಗೆ ಭತ್ತವನ್ನು ತಂದಿತು. ಆದರೂ ಕಾಲುವೆಯ ಕೊನೆಯ ಭಾಗಕ್ಕೆ ನೀರು ಮುಟ್ಟದ ವರುಷಗಳಲ್ಲಿಯೂ, ಮಸ್ಕಿ, ಲಿಂಗಸುಗೂರುಗಳ ಒಣ ಹೊಲಗಳಿಗೆ ಮಳೆ ತಪ್ಪಿದಾಗಲೂ ತಂದೆತಾಯಿಗಳು ಬೆಂಗಳೂರು ಮುಂತಾದ ಕಡೆಗೆ ಗುಳೆ ಹೋಗುತ್ತಾರೆ. ಹದಿನಾಲ್ಕು ವರುಷದ ಮಗಳು ಅಜ್ಜಿಯೊಂದಿಗೆ ಉಳಿದು ತಮ್ಮತಂಗಿಯರಿಗೆ ತಾನೇ ತಾಯಿಯಾಗುತ್ತಾಳೆ. ಅಂಥವಳು ತರಗತಿಯಲ್ಲಿ ತೂಕಡಿಸಿದರೆ ಸೋಮಾರಿ ಎಂದುಬಿಡುವದು ಎಷ್ಟು ಸುಲಭ!

ನಾವೂ ಹಾಗೆ ಅಂದವರೇ. ಹಲವು ವರುಷಗಳ ಹಿಂದೆ ಎಂಟನೆಯ ತರಗತಿಯ ಒಬ್ಬಳನ್ನು, ತಡವಾಗಿ ಬಂದಳೆಂದು, ಒಂದು ವಾರ ಬಾಗಿಲ ಹೊರಗೆ ನಿಲ್ಲಿಸಿದೆವು. ಮರುವಾರ ಅವಳು ಬರಲಿಲ್ಲ. ಉಪಾಧ್ಯಾಯಿನಿಯೊಬ್ಬರು ಮನೆಗೆ ಹೋಗಿ ನೋಡಲಾಗಿ, ತಾಯಿಯು ಹಾಸಿಗೆ ಹಿಡಿದಿದ್ದಳು; ಹುಡುಗಿಯು ನೀರು ತಂದು, ರೊಟ್ಟಿ ಬಡಿದು, ಅಂಗನವಾಡಿಯ ಬಾಗಿಲು ತೆರೆಯುವ ತನಕ ತಮ್ಮನೊಂದಿಗೆ ಕಾದು, ಆ ಮೇಲೆ ಓಡಿ ಬರುತ್ತಿದ್ದಳು. ಅವಳು ತಿರುಗಿ ಬಂದಳು. ಆದರೆ ನಮ್ಮೊಡನೆ ಮನಸ್ಸು ಬಿಚ್ಚಿ ಮಾತಾಡಲು ಅವಳಿಗೆ ಎರಡು ವರುಷ ಬೇಕಾಯಿತು.

ಆ ಮೇಲೆ ನಾವು ತಡವಾದವಳನ್ನು ಮೊದಲು ಒಳಗೆ ಕೂರಿಸಿ, ಕಾರಣವನ್ನು ಅನಂತರ ಏಕಾಂತದಲ್ಲಿ ಕೇಳುವ ಪದ್ಧತಿಯನ್ನಿಟ್ಟೆವು. ಗೆಳತಿಯರ ಮುಂದೆ ಕೇಳಿದರೆ ಯಾವ ಹುಡುಗಿಯೂ ಮನೆಯ ಮಾನವನ್ನು ಬಿಟ್ಟುಕೊಡಳು. ದೀಪವೂ ಸಮಾಧಾನವೂ ಇಲ್ಲದ ಮನೆಯವರಿಗಾಗಿ ಸಂಜೆ ಒಂದು ತಾಸು ಶಾಲೆಯಲ್ಲಿಯೇ ಪಾಠ ಬರೆಯಲು ಅನುಕೂಲ ಮಾಡಿದೆವು. ಹಸಿವೆಯೂ ಒಂದು ಕಾರಣವೆಂಬದನ್ನು ಮರೆಯಬಾರದು. ಅಕ್ಷರ ದಾಸೋಹದ ಬಿಸಿಯೂಟವು 2002ರಲ್ಲಿ ರಾಯಚೂರು ಮೊದಲಾದ ಜಿಲ್ಲೆಗಳ ಪ್ರಾಥಮಿಕ ಶಾಲೆಗಳಲ್ಲಿಯೇ ಮೊದಲು ಆರಂಭವಾದದ್ದು ಸುಮ್ಮನೆ ಅಲ್ಲ.

ಗುಟ್ಟಿನ ವಿಷಯದಲ್ಲಿ ಒಂದು ಮಾತು. "ಯಾರಿಗೂ ಹೇಳಬೇಡಿರಿ" ಎಂದು ಬಾಲಿಕೆಯು ಬೇಡಿದಾಗ ಆಗಲಿ ಎಂದು ಭಾಷೆ ಕೊಡಲು ಬಾಯಿ ಬರುತ್ತದೆ, ಕೊಡಬಾರದು. ಅವಳ ಮೇಲೆ ಲೈಂಗಿಕ ದೌರ್ಜನ್ಯವು ನಡೆದಿದ್ದರೆ 2012ರ ಪೋಕ್ಸೋ ಕಾಯಿದೆಯಂತೆ ತಿಳಿದವರು ಪೊಲೀಸರಿಗೆ ತಿಳಿಸಲೇ ಬೇಕು. ಆದ ಕಾರಣ, "ನಿನ್ನ ರಕ್ಷಣೆಗೆ ಯಾರಿಗೆ ಹೇಳುವದು ಅಗತ್ಯವೋ ಅವರಿಗೆ ಮಾತ್ರ ಹೇಳುವೆವು" ಎಂದು ಮೊದಲೇ ತಿಳಿಸುತ್ತೇವೆ. ಕೆಲವರು ಅಷ್ಟಕ್ಕೇ ಬಾಯಿ ಮುಚ್ಚಿಕೊಳ್ಳುವದುಂಟು. ಆಗ ಕಾಯಬೇಕು, ಬಳಿಯಲ್ಲಿರಬೇಕು.

ಹತ್ತನೆಯ ತರಗತಿಯ ಪರೀಕ್ಷೆ ಮುಗಿದ ಬೇಸಗೆಯೇ ನಮಗೆ ಅತ್ಯಂತ ಭಯದ ಕಾಲವು. ಗುಳೆ ಹೋಗುವಾಗ ಬೆಳೆದ ಮಗಳನ್ನು ಎಲ್ಲಿ ಬಿಡುವದೆಂಬ ಚಿಂತೆಯಿಂದಲೇ ಅನೇಕ ತಂದೆತಾಯಿಗಳು ಸೋದರಮಾವನಿಗೆ ಮದುವೆ ನಿಶ್ಚಯಿಸುತ್ತಾರೆ. ಅವರನ್ನು ಕ್ರೂರಿಗಳೆನ್ನಲು ನಮಗೆ ಮನಸ್ಸಿಲ್ಲ. ಆದರೆ 2006ರ ಬಾಲ್ಯವಿವಾಹ ನಿಷೇಧ ಕಾಯಿದೆಯಂತೆ 18 ತುಂಬದ ಹುಡುಗಿಯ ಮದುವೆಯು ಅಪರಾಧ. ಕರ್ನಾಟಕದ 2016ರ ತಿದ್ದುಪಡಿಯಂತೆ ಅದು ಮದುವೆಯೇ ಅಲ್ಲ. ಅಂಥ ಸುದ್ದಿ ಕಿವಿಗೆ ಬಿದ್ದ ಕೂಡಲೇ ನಾವು ಮನೆಗೆ ಹೋಗಿ ಮಾತಾಡುತ್ತೇವೆ, ಅಧಿಕಾರಿಗಳಿಗೂ ತಿಳಿಸುತ್ತೇವೆ. ಹುಡುಗಿಯು ತಾನೇ 1098ಕ್ಕೆ ಕರೆ ಮಾಡಬಹುದು, ಹಣ ಬೇಕಾಗಿಲ್ಲ. ಈ ಅಂಕಿಯನ್ನು ಪ್ರತಿ ತರಗತಿಯಲ್ಲಿಯೂ ಬರೆಯಿಸಿದ್ದೇವೆ.

ಪಾಲಕರೇ, ಗುಳೆ ಹೋಗುವ ಮುಂಚೆ ಒಮ್ಮೆ ಶಾಲೆಗೆ ಬಂದು, ಮಗಳು ಯಾರ ಬಳಿ ಇರುವಳೆಂದು ತಿಳಿಸಿ ಹೋಗಿರಿ. ವಸತಿಯ ಏರ್ಪಾಡನ್ನು ಕೂಡಿ ಹುಡುಕೋಣ. ಹಳ್ಳಿಗಳಲ್ಲಿ ನೆಲಸಿರುವ ಪೂರ್ವ ವಿದ್ಯಾರ್ಥಿನಿಯರೇ, ನಿಮ್ಮ ಓಣಿಯ ಯಾವ ಹುಡುಗಿಯು ಮೂರು ದಿನ ಶಾಲೆಗೆ ಬಂದಿಲ್ಲವೋ, ಅವಳ ಸುದ್ದಿಯನ್ನು ನಮಗೆ ಕಳುಹಿಸಿರಿ.